ಇಂಗಿನ ಡಬ್ಬಿಯಲ್ಲಿ ಗೋಧಿ: ಮನೇಲಿ ಮಾಡಿದ ‘ಕಾಂಗ್ರೆಸ್’ ಕಡ್ಲೆಬೀಜದ ರಿವ್ಯೂ

“ಕಡ್ಲೆಬೀಜದಲ್ಲಿ ಗೋಧಿ ಎಲ್ಲಿಂದ ಬರುತ್ತೆ ಸಾರ್?” ಅಂತ ಬೇಕರಿಯ ಹುಡುಗ ನಕ್ಕ. ‘ಇದರಲ್ಲಿ ಗೋಧಿ ಇದೆಯಾ’ ಅಂತ ಕೇಳಿದ್ದು ನನಗೂ ಪೆದ್ದುತನ ಅನ್ನಿಸಿತು. ನೂರು ಗ್ರಾಂ ಕಾಂಗ್ರೆಸ್ ಕಟ್ಟಿಸಿಕೊಂಡು ಮನೆಗೆ ಬಂದೆ. ಮಗಳು ಸಂಜೆ ಟಿವಿ ಮುಂದೆ ಕೂತು ಪೊಟ್ಟಣ ಖಾಲಿ ಮಾಡಿದಳು. ರಾತ್ರಿ ಹೊಟ್ಟೆ ಹಿಡಿದುಕೊಂಡು ಎದ್ದಳು. ಎರಡು ದಿನ ಸ್ಕೂಲಿಗೆ ಹೋಗಲಿಲ್ಲ.

ಆ ಹುಡುಗನ ಮೇಲೆ ಸಿಟ್ಟು ಬರಬೇಕಿತ್ತು. ಪೂರ್ತಿ ಬರಲಿಲ್ಲ. ನಾನು ಬೆಂಗಳೂರಿನ ಶ್ರೀನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. “ಈ ಪೇಂಟು ಮಳೆಗೆ ತಡೆಯುತ್ತಾ?” ಅಂತ ಕೇಳಿದವರಿಗೆ ಡಬ್ಬ ತಿರುಗಿಸಿಯೂ ನೋಡದೆ “ಗ್ಯಾರಂಟಿ ಸಾರ್” ಅಂತ ಎಷ್ಟು ಸಲ ಹೇಳಿದ್ದೇನೋ. ಅವನೂ ಹಾಗೇ ಹೇಳಿದ. ಕೌಂಟರಿನಲ್ಲಿ ನಿಂತವರಿಗೆ ‘ಗೊತ್ತಿಲ್ಲ’ ಅನ್ನೋ ಪದ ಬಾಯಿಗೆ ಬರೋದು ಕಷ್ಟ.

ಮಗಳಿಗೆ ಈಗ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಸೀಲಿಯಾಕ್ ಕಾಯಿಲೆ ಅಂತ ಗೊತ್ತಾಯಿತು. ಅದಕ್ಕೂ ಮೊದಲು ತೂಕ ಏರುತ್ತಿರಲಿಲ್ಲ, ರಕ್ತ ಕಡಿಮೆ, ಐರನ್ ಸಿರಪ್ಪು ಬಾಟಲಿ ಮೇಲೆ ಬಾಟಲಿ ಕುಡಿಸಿದ್ದಾಯಿತು. ಕೊನೆಗೆ ಟಿಟಿಜಿ ಅನ್ನೋ ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿ. ಗೋಧಿ, ಬಾರ್ಲಿ, ರೈ ಈ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನ್ ಒಳಗೆ ಹೋದರೆ ಅವಳ ದೇಹ ತನ್ನದೇ ಸಣ್ಣಕರುಳಿನ ಒಳಪದರವನ್ನು ಹಾಳು ಮಾಡಿಕೊಳ್ಳುತ್ತೆ. ಇದಕ್ಕೆ ಮಾತ್ರೆ ಇಲ್ಲ. ಬದುಕಿಡೀ ಈ ಧಾನ್ಯಗಳನ್ನು ಬಿಡಬೇಕು, ಅಷ್ಟೇ.

ಊಟಕ್ಕೆ ನಮ್ಮಂಥವರಿಗೆ ಅಷ್ಟು ತೊಂದರೆಯಿಲ್ಲ. ಮುದ್ದೆ, ಅನ್ನ, ಇಡ್ಲಿ, ಅಕ್ಕಿ ರೊಟ್ಟಿ ಇರೋ ನಾಡು ಇದು. ಕಷ್ಟ ಶುರುವಾಗೋದು ಸಂಜೆ ನಾಲ್ಕೂವರೆಗೆ, ಸ್ಕೂಲ್ ವ್ಯಾನಿನಿಂದ ಇಳಿದ ಮೇಲೆ. ಬಿಸ್ಕತ್ತು, ರಸ್ಕು, ಬನ್ನು, ಪಫ್ಸು, ಎಲ್ಲಾ ಮೈದಾ. ನಿಪ್ಪಟ್ಟಿಗೂ ಒಂದು ಹಿಡಿ ಮೈದಾ ಬೀಳುತ್ತೆ, ಕೋಡುಬಳೆಗೆ ರವೆ ಬೀಳುತ್ತೆ. ಉಳಿದಿದ್ದು ಕಡ್ಲೆಬೀಜ, ಗೋಡಂಬಿ. ಅದಕ್ಕೇ ಆ ನೂರು ಗ್ರಾಂ ಕಾಂಗ್ರೆಸ್ ಅಷ್ಟು ಆಸೆಯಿಂದ ತಂದಿದ್ದೆ.

ಬೆಂಗಳೂರಿನ ಹೊರಗಿನವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಕಾಂಗ್ರೆಸ್ ಅಂದರೆ ನಮ್ಮ ಅಯ್ಯಂಗಾರ್ ಬೇಕರಿಗಳ ಖಾರದ ಕಡ್ಲೆಬೀಜ. ಹುರಿದು, ಸಿಪ್ಪೆ ತೆಗೆದು, ಎರಡು ಹೋಳು ಮಾಡಿ, ಕಾಳುಮೆಣಸು, ಅರಿಶಿನ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟಿರುತ್ತಾರೆ. ಹೆಸರಿಗೊಂದು ಕಥೆ ಇದೆ. 1969ರಲ್ಲಿ ಕಾಂಗ್ರೆಸ್ ಪಕ್ಷ ಹೋಳಾಯಿತಲ್ಲ, ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದಾಗ? ಅದೇ ವರ್ಷ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಪಕ್ಷದ ಸಭೆಯೂ ನಡೆದಿತ್ತು. ಹೋಳಾದ ಬೀಜಕ್ಕೆ ಹೋಳಾದ ಪಕ್ಷದ ಹೆಸರು ಬಿತ್ತು ಅಂತಾರೆ. ನಮ್ಮಪ್ಪ ಈ ಕಥೆಯನ್ನು ಪ್ರತಿ ಪೊಟ್ಟಣಕ್ಕೂ ಒಂದು ಸಲ ಹೇಳುತ್ತಿದ್ದರು.

ಹೋಳಾಗಿರೋದರಿಂದಲೇ ಅದಕ್ಕೆ ಆ ರುಚಿ. ಇಡೀ ಬೀಜದ ನುಣುಪು ಮೈಗೆ ಮಸಾಲೆ ನಿಲ್ಲಲ್ಲ. ಹೋಳಿನ ಚಪ್ಪಟೆ ಕಡೆ ಹಿಡಿದುಕೊಳ್ಳುತ್ತೆ.

ಹೊಟ್ಟೆನೋವು ಆದ ವಾರವೇ ಡಯಟೀಷಿಯನ್ ಹತ್ತಿರ ಹೋಗಿದ್ದೆವು. ಗೋಧಿ ಬಿಟ್ಟು ಆರು ತಿಂಗಳಾಗಿತ್ತು, ಟಿಟಿಜಿ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಆಕೆ ಮನೆಯ ಅಡುಗೆಯನ್ನೆಲ್ಲ ಒಂದೊಂದೇ ಕೇಳುತ್ತಾ ಬಂದರು. ಸಾರಿನ ಪುಡಿ? ಮನೇದೇ. ಮೆಣಸಿನಪುಡಿ? ಮಿಲ್ಲಿನಲ್ಲಿ ಬೀಸಿಸೋದು. ಅಲ್ಲೊಂದು ಗುರುತು ಹಾಕಿಕೊಂಡರು. “ಇಂಗು ಯಾವುದು?” ಅಂದರು. ನಾನು, ನನ್ನ ಹೆಂಡತಿ ಮುಖ ಮುಖ ನೋಡಿಕೊಂಡೆವು. ಇಂಗಿಗೂ ಗೋಧಿಗೂ ಏನು ನೆಂಟಸ್ತಿಕೆ?

ಮನೆಗೆ ಬಂದು ಅಮ್ಮನ ಒಗ್ಗರಣೆ ಡಬ್ಬಿಯ ಪಕ್ಕ ಇರೋ ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ತಿರುಗಿಸಿದೆ. ಸಾಸಿವೆಯಷ್ಟು ಸಣ್ಣ ಅಕ್ಷರ. ಗೋಂದು, ಗೋಧಿ ಹಿಟ್ಟು, ಆಮೇಲೆ ಇಂಗು. ಇದನ್ನೇ ಆರು ತಿಂಗಳು ದಿನಾ ಸಾರಿಗೆ, ಪಲ್ಯಕ್ಕೆ, ಮಜ್ಜಿಗೆಗೆ ಹಾಕಿದ್ದು. ಚಪಾತಿ ಮಣೆಯನ್ನು ಅಟ್ಟಕ್ಕೆ ಹಾಕಿದ್ದೆವು, ಟೋಸ್ಟರನ್ನು ತಂಗಿಗೆ ಕೊಟ್ಟಿದ್ದೆವು. ಗೋಧಿ ಒಗ್ಗರಣೆ ಸೌಟಿನಲ್ಲಿ ಕೂತಿತ್ತು. ‘ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತೆ’ ಅಂತ ನಮ್ಮಮ್ಮ ಮಾತಿಗೊಂದು ಸಲ ಹೇಳೋರು. ಅವತ್ತು ಏನೂ ಹೇಳಲಿಲ್ಲ. ಡಬ್ಬಿ ಕೈಯಲ್ಲಿ ಹಿಡಿದು ಸುಮ್ನೆ ಕೂತಿದ್ದರು.

ಆ ಕಂಪನಿಯದು ತಪ್ಪಲ್ಲ, ಬರೆದೇ ಇದ್ದರು. ಓದದೇ ಇದ್ದದ್ದು ನಾವು.

ಈ ಒಂದೂವರೆ ವರ್ಷದಲ್ಲಿ ಕಾಂಗ್ರೆಸ್ಸನ್ನು ಮನೇಲಿ ಮಾಡೋಕೆ ಏನೇನೋ ಕೊಂಡಿದ್ದೇನೆ. ಯಾವುದು ದುಡ್ಡಿಗೆ ಸರಿ, ಯಾವುದು ದಂಡ ಅಂತ ಬರೆಯೋಣ ಅನ್ನಿಸಿತು. ಮೊದಲು ಇಂಗು. ಜಗಳ ಇರೋದೇ ಅಲ್ಲಿ.

ಇಂಗು ಒಂದು ಗಿಡದ ಬೇರಿನಿಂದ ಒಸರುವ ಅಂಟು. ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುತ್ತೆ. ನಮ್ಮಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ 2020ರ ಅಕ್ಟೋಬರಿನಲ್ಲಷ್ಟೇ ಸರ್ಕಾರಿ ವಿಜ್ಞಾನಿಗಳು ಸಸಿ ನೆಡಿಸಿದರು. ಆ ಅಂಟು ತುಂಬಾ ಘಾಟು, ಹಾಗೇ ಬಳಸೋದೂ ಕಷ್ಟ, ಪುಡಿ ಮಾಡೋದೂ ಕಷ್ಟ. ಅದಕ್ಕೇ ಗೋಂದು, ಹಿಟ್ಟು ಬೆರೆಸುತ್ತಾರೆ. ಇದು ಕಲಬೆರಕೆ ಅಲ್ಲ, ಕಾನೂನೇ ಒಪ್ಪಿರುವ ಬೆರಕೆ. ಹಿಟ್ಟು ಯಾವುದು ಅನ್ನೋದಷ್ಟೇ ನಮಗೆ ಮುಖ್ಯ. ಗೋಧಿಯೂ ಆಗಬಹುದು, ಅಕ್ಕಿಯೂ ಆಗಬಹುದು.

ಎರಡು ಬಗೆ ತಂದು ನೋಡಿದೆ. ಒಂದು ಅಕ್ಕಿ ಹಿಟ್ಟಿನ ಪುಡಿ ಇಂಗು, ಗ್ಲುಟೆನ್ ಫ್ರೀ ಅಂತ ಡಬ್ಬಿ ಮೇಲೇ ಇರೋದು. 50 ಗ್ರಾಂಗೆ 165 ರೂಪಾಯಿ ಕೊಟ್ಟೆ. ಬಣ್ಣ ಪೇಲವ. ಮುಚ್ಚಳ ತೆಗೆದಾಗ ಅಮ್ಮ ಮೂಸಿ, “ಇದೇನೋ ಇದು, ಇಂಗಿನ ಪಕ್ಕದ ಮನೇಲಿ ಇಟ್ಟಿದ್ದ ಹಿಟ್ಟು” ಅಂದರು. ವಾಸನೆ ಕಡಿಮೆ ಅನ್ನೋದು ನಿಜ. ಹಳೇದು ಒಂದು ಚಿಟಿಕೆ ಸಾಕಾಗುತ್ತಿದ್ದ ಕಡೆ ಇದು ಎರಡು ಬೇಕು. ಮಳೆಗಾಲದಲ್ಲಿ ಗಂಟು ಕಟ್ಟುತ್ತೆ. ಆದರೆ ಎಣ್ಣೆಗೆ ಬಿದ್ದ ತಕ್ಷಣ ಹರಡುತ್ತೆ, ಬೀಜಕ್ಕೆಲ್ಲ ಸಮವಾಗಿ ಹತ್ತುತ್ತೆ. ಕಾಂಗ್ರೆಸ್ಸಿಗೆ ಇದೇ ಗುಣ ಬೇಕಾಗಿರೋದು.

ಇನ್ನೊಂದು ಗಟ್ಟಿ ಇಂಗು. ಚಿಕ್ಕಪೇಟೆ ಕಡೆ ಒಂದು ಅಂಗಡಿಯಲ್ಲಿ ತೂಗಿ ಕೊಟ್ಟರು, 10 ಗ್ರಾಂಗೆ 240 ರೂಪಾಯಿ. “ಪ್ಯೂರ್ ಮಾಲು, ಹಿಟ್ಟು ಗಿಟ್ಟು ಏನಿಲ್ಲ” ಅಂದರು. ಸ್ಕೂಟರಿನ ಡಿಕ್ಕಿ ಒಂದು ವಾರ ನಾತ ಹೊಡೆಯಿತು. ಹೆಸರುಕಾಳಿನಷ್ಟು ಚೂರು ಎಣ್ಣೆಗೆ ಹಾಕಿದರೆ ಉಬ್ಬುತ್ತೆ, ಆಮೇಲೆ ಜಜ್ಜಿ ಬೆರೆಸಬೇಕು. ಪರಿಮಳ ಹೇಳೋಕಾಗಲ್ಲ, ಅಷ್ಟು ಚೆನ್ನ. ಎದುರುಮನೆಯವರು “ಏನು ಇವತ್ತು ಶ್ರಾದ್ಧಾನಾ?” ಅಂತ ಕೇಳಿದರು. ನಾನು, ಅಮ್ಮ ತಿಂದೆವು. ಮಗಳಿಗೆ ಕೊಡಲಿಲ್ಲ.

ಯಾಕೆ ಅಂದರೆ, ಆ ಪೊಟ್ಟಣದ ಮೇಲೆ ಒಂದಕ್ಷರವೂ ಇರಲಿಲ್ಲ. ಗಟ್ಟಿ ಇಂಗಿನಲ್ಲೂ ಹಿಟ್ಟು ಬೆರೆಸಿ ಮುದ್ದೆ ಕಟ್ಟಿರೋದುಂಟು. ಅಂಗಡಿಯವರು ಪ್ಯೂರ್ ಅಂದರು, ಬೇಕರಿ ಹುಡುಗನೂ ಹಾಗೇ ಅಂದಿದ್ದ, ನಾನೂ ಪೇಂಟ್ ಬಗ್ಗೆ ಹಾಗೇ ಅನ್ನುತ್ತೇನೆ. ಇಂಗು ಗಟ್ಟಿಯಾದಷ್ಟೂ ಒಳ್ಳೇದು ಅಂದುಕೊಂಡಿದ್ದೆ. ಈಗ ಬರೆದು ಕೊಟ್ಟ ಬೆರಕೆ ಮಾಲೇ ವಾಸಿ ಅನ್ನುತ್ತೇನೆ. ಗ್ಲುಟೆನ್ ಫ್ರೀ ಅಂತ ಡಬ್ಬಿ ಮೇಲೆ ಬರೆಯಬೇಕಾದರೆ ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕೆ.ಜಿ.ಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರುವಂತಿಲ್ಲ. ಅಂಗಡಿಯವರ ನಾಲಿಗೆಗೆ ಅಂಥ ಲೆಕ್ಕ ಇಲ್ಲ. ಅಕ್ಕಿ ಇಂಗಿಗೆ ಐದಕ್ಕೆ ನಾಲ್ಕು. ಗಟ್ಟಿ ಇಂಗಿಗೆ ರುಚಿಯಲ್ಲಿ ಐದು, ಮಗಳ ಲೆಕ್ಕದಲ್ಲಿ ಸೊನ್ನೆ.

ಇನ್ನು ಬೀಜ. ಮೊದಲು ನಮ್ಮ ರಸ್ತೆ ಕೊನೆಯ ದಿನಸಿ ಅಂಗಡಿಯಲ್ಲೇ ಬಿಡಿಯಾಗಿ ತರುತ್ತಿದ್ದೆ. ಒಂದು ದಿನ ಅವರು ತೂಗೋದನ್ನು ನೋಡಿದೆ. ಅದೇ ತಗಡಿನ ಸೌಟು ರವೆ ಚೀಲಕ್ಕೆ ಹೋಯಿತು, ಮೈದಾ ಚೀಲಕ್ಕೆ ಹೋಯಿತು, ಆಮೇಲೆ ಕಡ್ಲೆಬೀಜಕ್ಕೆ ಬಂತು. ಅವತ್ತಿಗೆ ನಿಲ್ಲಿಸಿದೆ. ಈಗ ಸೀಲ್ ಮಾಡಿದ ಪ್ಯಾಕೆಟ್ಟು, ಅದಿಲ್ಲದಿದ್ದರೆ ಸಿಪ್ಪೆ ಸಮೇತ ಇರೋ ಕಾಯಿ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡ್ಲೆಕಾಯಿ ಪರಿಷೆ. ನಮ್ಮ ಮನೆಯಿಂದ ನಡೆದು ಹೋಗಬಹುದು. ಈ ಸಲ ದೊಡ್ಡ ಬಸವಣ್ಣನ ಗುಡಿಯ ಕೆಳಗೆ ಒಬ್ಬ ಅಜ್ಜಿ ಹತ್ತಿರ ಹುರಿಯದ ಒಣ ಕಾಯಿ ತಂದೆ, ಸೇರಿನ ಲೆಕ್ಕ. “ಮಗೀಗಾ? ತಗೊಳಪ್ಪ” ಅಂತ ಮೇಲೊಂದು ಬೊಗಸೆ ಹಾಕಿದರು. ಪರಿಷೆ ಕಾಯಿ ಸಣ್ಣ, ಎರಡು ಬೀಜದ್ದು, ಎಣ್ಣೆ ಜಾಸ್ತಿ, ಸಿಹಿ. ಅಂಗಡಿ ತಕ್ಕಡಿಯಲ್ಲಿ ಇಟ್ಟು ನೋಡಿದೆ: ಒಂದು ಕೆ.ಜಿ. ಕಾಯಿ ಸುಲಿದರೆ 680 ಗ್ರಾಂ ಬೀಜ ಸಿಕ್ಕಿತು. ಸುಲಿಯೋಕೆ ಮನೆಮಂದಿಯೆಲ್ಲ ಕೂತರೂ ಒಂದು ಗಂಟೆ. ದೇವರು ಸಿಪ್ಪೆ ಹಾಕಿ ಕಳಿಸಿರೋ ಪ್ಯಾಕಿಂಗ್, ಒಳಗೆ ಮೈದಾ ಹೋಗೋಕೆ ದಾರಿಯೇ ಇಲ್ಲ. ಸುಕ್ಕಿದ ಬೀಜ, ಕಪ್ಪಾದದ್ದು, ಬೂಷ್ಟು ವಾಸನೆ ಇರೋದನ್ನು ಮುಲಾಜಿಲ್ಲದೆ ಬಿಸಾಡಿ. ಅಂಥದ್ದರಲ್ಲಿ ಅಫ್ಲಟಾಕ್ಸಿನ್ ಅನ್ನೋ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗಲ್ಲ.

ಗೋಡಂಬಿ ವಿಷಯ ಬೇಗ ಮುಗಿಸುತ್ತೇನೆ. ಮಸಾಲೆಗೆ ಇಡೀ ಗೋಡಂಬಿ ದಂಡ. ಡಬ್ಲ್ಯು 320 ಅಂತ ಬರೆದಿರುತ್ತಾರಲ್ಲ, ಒಂದು ಪೌಂಡಿಗೆ ಸುಮಾರು 320 ಬೀಜ ಅಂತ ಅದರ ಅರ್ಥ. ಚಂದಕ್ಕೆ ದುಡ್ಡು. ನಾವು ಹೋಳು ತರುತ್ತೇವೆ. ಕಡ್ಲೆಬೀಜಕ್ಕಿಂತ ಅರ್ಧ ಹೊತ್ತಿಗೇ ಕೆಂಪಾಗುತ್ತೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಹುರಿಯಬೇಡಿ. ಬರೀ ಕಾಳುಮೆಣಸು, ಉಪ್ಪು ಸಾಕು. ಇಂಗು ಹಾಕಿ ಒಂದು ಸಲ ನೋಡಿದೆ, ಚೆನ್ನಾಗಿರಲಿಲ್ಲ.

ರೆಡಿಮೇಡ್ ಪ್ಯಾಕೆಟ್ಟೂ ತಂದಿದ್ದೆ, ಹೆಸರು ಬೇಡ. ಹೊಳೆಯೋ ಕವರು, ಮುಂದೆ ಎಲೆ ಚಿತ್ರ, ‘ಹೆಲ್ದಿ’ ಅಂತ ಮೂರು ಕಡೆ. 200 ಗ್ರಾಂ ಮಸಾಲ ಗೋಡಂಬಿಗೆ 349 ರೂಪಾಯಿ. ಹಿಂದೆ ತಿರುಗಿಸಿದರೆ ಸಕ್ಕರೆ ಇದೆ, ಕೊನೆಯ ಸಾಲಿನಲ್ಲಿ ಗೋಧಿ ಬಳಸುವ ಘಟಕದಲ್ಲೇ ತಯಾರಾಗಿದೆ ಅಂತಲೂ ಇದೆ. ಇನ್ನೊಂದು ಕಡೆ ಬರೀ ಹಸಿ ಬಾದಾಮಿಗೆ ಗ್ಲುಟೆನ್ ಫ್ರೀ ಸ್ಟಿಕ್ಕರ್ ಅಂಟಿಸಿ ರೇಟು ಏರಿಸಿದ್ದರು. ಉಪ್ಪಿನ ಪ್ಯಾಕೆಟ್ ಮೇಲೆ ‘ಮೂಳೆ ಇಲ್ಲ’ ಅಂತ ಬರೆದ ಹಾಗೆ. ಮಸಾಲೆ ಹಾಕಿದ್ದರ ಮೇಲೆ ಆ ಸ್ಟಿಕ್ಕರ್ ಹುಡುಕಿ, ಹಸಿ ಬೀಜಕ್ಕೆ ಅದರ ದುಡ್ಡು ಕೊಡಬೇಡಿ. ಕಡ್ಲೆಹಿಟ್ಟಿನಲ್ಲಿ ಅದ್ದಿ ಕರಿದ ಮಸಾಲ ಕಡ್ಲೆಬೀಜವನ್ನು ನಾವು ಹೊರಗಿಂದ ತರೋದೇ ಇಲ್ಲ. ಕಡ್ಲೆಹಿಟ್ಟು ಬೀಸಿದ ಮಿಲ್ಲಿನಲ್ಲಿ ಅದಕ್ಕೂ ಮುಂಚೆ ಯಾರ ಮನೆಯ ಗೋಧಿ ಬಿದ್ದಿತ್ತೋ.

ಹುರಿಯೋದರಲ್ಲಿ ನಾನು ಮೂರು ದಾರಿ ಹಿಡಿದೆ. ಮೈಕ್ರೋವೇವ್ ಬೇಗ ಆಗುತ್ತೆ, ಆದರೆ ಮೋಸ. ಹೊರಗೆ ಬೆಳ್ಳಗಿರೋ ಬೀಜ ಒಳಗೆ ಕಪ್ಪಾಗಿರುತ್ತೆ, ಹೋಳು ಮಾಡಿದಾಗಲೇ ಗೊತ್ತಾಗೋದು. ಎರಡು ಸಲ ಬಿಸಾಡಿದೆ. ಕಬ್ಬಿಣದ ಬಾಣಲಿಯಲ್ಲಿ ಸಣ್ಣ ಉರಿಗೆ 20 ನಿಮಿಷ ಕೈ ಬಿಡದೆ ಹುರಿದರೆ ಪರಿಮಳ ಎಲ್ಲಕ್ಕಿಂತ ಚೆನ್ನ. ಭುಜ ಹಿಡಿದುಕೊಳ್ಳುತ್ತೆ. ನಡುವೆ ಫೋನು ಬಂತೋ, ಮುಗೀತು. ಈಗ ನಮ್ಮ ಹಳೇ ಓಟಿಜಿಗೆ, ಅಂದರೆ ಕರೆಂಟಿನ ಸಣ್ಣ ಓವನ್ನಿಗೆ ಬಂದು ನಿಂತಿದ್ದೇನೆ. 160 ಡಿಗ್ರಿ, 16 ನಿಮಿಷ, ನಡುವೆ ಒಂದು ಸಲ ಕೆದಕೋದು. ಬೀಜ ಇನ್ನೂ ಸ್ವಲ್ಪ ಮೆತ್ತಗಿದೆ ಅನ್ನಿಸುವಾಗಲೇ ಹೊರಗೆ ತೆಗೆಯಬೇಕು. ತನ್ನ ಬಿಸಿಗೇ ಇನ್ನೈದು ನಿಮಿಷ ಬೇಯುತ್ತಿರುತ್ತೆ, ಆರಿದ ಮೇಲೇ ಗರಿಗರಿ. ಇದು ಗೊತ್ತಾಗೋಕೆ ನನಗೆ ನಾಲ್ಕು ಸಲ ಸೀಯಬೇಕಾಯಿತು.

ಓಟಿಜಿಯಲ್ಲಿ ಮೊದಲು ಮೈದಾ ಕೇಕು ಮಾಡುತ್ತಿದ್ದೆವು. ಅದಕ್ಕೆ ಒಳಗೆ ಉಜ್ಜಿ ತೊಳೆದು ಟ್ರೇ ಹೊಸದು ತಂದೆ. ಮೊರವೂ ಹೊಸದು, ಹಳೇದರಲ್ಲಿ ವರ್ಷಗಟ್ಟಲೆ ಗೋಧಿ ಕೇರಿದ್ದಾರೆ, ಬಿದಿರಿನ ಸಂದಿಯಲ್ಲಿ ಹಿಟ್ಟು ಕೂತಿರುತ್ತೆ. ಆರಿದ ಬೀಜವನ್ನು ಒಂದು ಒರಟು ಬಟ್ಟೆಯಲ್ಲಿ ಹಾಕಿ ಉಜ್ಜಿದರೆ ಸಿಪ್ಪೆಯೂ ಬಿಡುತ್ತೆ, ಬೀಜವೂ ಹೋಳಾಗುತ್ತೆ. ಆಮೇಲೆ ಬಾಲ್ಕನಿಯಲ್ಲಿ ನಿಂತು ಕೇರೋದು. ಮೊದಲ ಸಲ ನಾನು ಕೇರಿದ್ದಕ್ಕೆ ಕೆಳಗಿನ ಮನೆಯ ಒಗೆದ ಬಟ್ಟೆಯ ಮೇಲೆಲ್ಲ ಕೆಂಪು ಸಿಪ್ಪೆ. ಈಗ ಅಮ್ಮ ಕೇರುತ್ತಾರೆ, ನನ್ನನ್ನು ಮೊರದ ಹತ್ತಿರ ಬಿಡಲ್ಲ.

ಅಳತೆ ಅರ್ಧ ಕೆ.ಜಿ. ಬೀಜಕ್ಕೆ ಹೇಳುತ್ತೇನೆ. ಮೂರು ಚಮಚ ಎಣ್ಣೆ, ಟೀ ಚಮಚದ ಲೆಕ್ಕ. ಎರಡು ಎಸಳು ಕರಿಬೇವು. ಹಿಂದಿನ ರಾತ್ರಿಯೇ ತೊಳೆದು ಆರಹಾಕಿರಬೇಕು, ಒಂದು ಹನಿ ನೀರಿದ್ದರೂ ನಾಳೆಗೆ ಬೀಜ ಮೆತ್ತಗೆ. ಕರಿಬೇವು ಗರಿಗರಿ ಆದ ತಕ್ಷಣ ಒಲೆ ಆರಿಸಿ. ಆ ಬಿಸಿ ಎಣ್ಣೆಗೆ ಅಕ್ಕಿ ಇಂಗು ಅರ್ಧ ಚಮಚ, ಅರಿಶಿನ ಅರ್ಧ ಚಮಚ, ಅರಿಶಿನದ ಹಸಿ ವಾಸನೆ ಹೋಗಲಿ. ಆಮೇಲೆ ತರಿತರಿ ಕಾಳುಮೆಣಸು ಒಂದೂವರೆ ಚಮಚ, ಬ್ಯಾಡಗಿ ಪುಡಿ ಒಂದು ಚಮಚ, ನುಣ್ಣಗಿನ ಉಪ್ಪು ಒಂದೂಕಾಲು ಚಮಚ. ತಕ್ಷಣ ಬೀಜ ಸುರಿದು ಕುಲುಕಿ. ಮೆಣಸಿನಕಾಯಿ ಈಗ ಮಿಲ್ಲಿಗೆ ಹೋಗಲ್ಲ, ಮಿಕ್ಸಿಯಲ್ಲೇ. ಕಾಳುಮೆಣಸು ಸಿರಸಿಯಿಂದ ಅಕ್ಕ ಕಳಿಸುತ್ತಾಳೆ, ಅದನ್ನು ಮಾತ್ರ ಕೈಯಲ್ಲಿ ಕುಟ್ಟೋದು. ಅಂಗಡಿಯ ಬೂದಿಯಂಥ ಕಾಳುಮೆಣಸಿನ ಪುಡಿ ಹಾಕಿದರೆ ಸೀನು ಬರುತ್ತೆ, ಘಮ ಬರಲ್ಲ.

ರುಚಿ ಹೇಗಿದೆ? ಬೇಕರಿಯದಕ್ಕಿಂತ ಚೆನ್ನಾಗಿದೆ ಅಂತ ಬರೆದರೆ ಸುಳ್ಳು. ಬೇಕರಿ ಕಾಂಗ್ರೆಸ್ಸಿಗೆ ಒಂದು ವಾಸನೆ ಇದೆ, ಬೆಣ್ಣೆ, ಖಾರಾ ಬನ್ನು, ಬಿಸಿ ಓವನ್ ಎಲ್ಲ ಸೇರಿದ್ದು. ಆ ವಾಸನೆಯೇ ಮಗಳಿಗೆ ಆಗದ್ದು. ಇದರಲ್ಲಿ ಅದು ಬರಲ್ಲ, ಇಂಗೂ ಒಂದು ಕೈ ಹಿಂದೆ. ಆದರೆ ಬೀಜ ತಾಜಾ, ಮೆಣಸು ತಾಜಾ. ಮೂರನೇ ದಿನಕ್ಕೆ ಇನ್ನೂ ಚೆನ್ನಾಗಿರುತ್ತೆ, ಉಪ್ಪು ಖಾರ ಒಳಗೆ ಹಿಡಿದಿರುತ್ತೆ. ಸ್ಟೀಲ್ ಡಬ್ಬದಲ್ಲಿ ಎರಡು ವಾರ ಗರಿಗರಿ ಇರುತ್ತೆ ಅಂತ ನನ್ನ ಅಂದಾಜು. ಹನ್ನೊಂದನೇ ದಿನದ ನಂತರ ಡಬ್ಬದಲ್ಲಿ ಏನಾದರೂ ಉಳಿದಿದ್ದನ್ನು ನಾನು ನೋಡಿಲ್ಲ.

‘ಹೆಲ್ದಿ’ ಅನ್ನೋ ಮಾತಿಗೂ ಒಂದು ಮಿತಿ ಇರಲಿ. 100 ಗ್ರಾಂ ಕಡ್ಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ ಅನ್ನೋದು ನಿಜ. ಅದರ ಎರಡರಷ್ಟು ಕೊಬ್ಬೂ ಇದೆ, 560 ಕ್ಯಾಲೊರಿ ಮೇಲೆ. ಮಗಳಿಗೆ ತೂಕ ಏರಬೇಕಿತ್ತು, ಅವಳಿಗೆ ಒಳ್ಳೇದಾಯಿತು. ಅವಳ ಡಬ್ಬಕ್ಕೆ ಕೈ ಹಾಕಿ ನನ್ನ ತೂಕವೂ ಮೂರು ಕೆ.ಜಿ. ಏರಿದೆ, ಅದನ್ನು ಯಾರೂ ಕೇಳಿರಲಿಲ್ಲ. ಸಂಜೆಗೆ ಒಂದು ಸಣ್ಣ ಹಿಡಿ, 30 ಗ್ರಾಂ, ಅಷ್ಟೇ ಲೆಕ್ಕ. ಸ್ಕೂಲಿಗೆ ಕಳಿಸಲ್ಲ. ಅವಳ ಕ್ಲಾಸಿನಲ್ಲಿ ಕಡ್ಲೆಬೀಜದ ಅಲರ್ಜಿ ಇರೋ ಹುಡುಗನೊಬ್ಬ ಇದ್ದಾನೆ. ಗೋಧಿಯ ಚೂರಿಗೆ ಹೆದರುವ ನಾವು ಅವನ ಅಪ್ಪ ಅಮ್ಮನ ಹೆದರಿಕೆ ಅರ್ಥ ಮಾಡಿಕೊಳ್ಳದಿದ್ದರೆ ಹೇಗೆ?

ಖರ್ಚು: ಅರ್ಧ ಕೆ.ಜಿ.ಗೆ ಬೀಜ, ಎಣ್ಣೆ, ಇಂಗು, ಕರೆಂಟು ಎಲ್ಲ ಸೇರಿ ನನಗೆ 120 ರೂಪಾಯಿ ಒಳಗೆ ಬೀಳುತ್ತೆ. ಹೊಸ ಟ್ರೇ, ಹೊಸ ಮೊರ ಬೇರೆ. ಹೊತ್ತು ಮುಕ್ಕಾಲು ಗಂಟೆ, ಪರಿಷೆ ಕಾಯಿ ಸುಲಿಯೋದು ಬಿಟ್ಟು. ಭಾನುವಾರ ಅಂಗಡಿ ಅರ್ಧ ದಿನ, ಮಧ್ಯಾಹ್ನ ಇದೇ ಕೆಲಸ. ಕಳೆದ ಸಲದ ಟಿಟಿಜಿ ನಾರ್ಮಲ್ ಬಂದಿದೆ. ಮಿಲ್ಲು, ಇಂಗು, ಬೇಕರಿ ಎಲ್ಲಾ ಒಟ್ಟಿಗೇ ಬಿಟ್ಟೆವು, ಯಾವುದರಿಂದ ಅಂತ ನಾನು ವಾದ ಮಾಡಲ್ಲ.

ಬೇಕರಿಗೆ ಈಗಲೂ ಹೋಗುತ್ತೇನೆ, ನನ್ನ ಖಾರಾ ಬನ್ನಿಗೆ. ಒಂದು ದಿನ ಆ ಹುಡುಗನಿಗೆ ನಮ್ಮ ಡಬ್ಬದಿಂದ ಒಂದು ಹಿಡಿ ಕೊಟ್ಟೆ. ಅಗಿದು ನೋಡಿ, “ಇಂಗು ಕಮ್ಮಿ ಸಾರ್” ಅಂದ. ಅವರ ಇಂಗಿನ ಡಬ್ಬಿ ಯಾವುದು ಅಂತ ತೋರಿಸು ಅಂದೆ. ಒಳಗಿಂದ ತಂದು, ತಿರುಗಿಸಿ, ಬೆಳಕಿಗೆ ಹಿಡಿದು ಓದಿದ. ನಗಲಿಲ್ಲ.

ಅಮ್ಮನ ಹಳೇ ಇಂಗಿನ ಡಬ್ಬಿಯನ್ನು ಬಿಸಾಡು ಅಂದೆ, ಕೇಳಲಿಲ್ಲ. ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟು ಅದರಲ್ಲಿ ಸೇಫ್ಟಿ ಪಿನ್ನು ತುಂಬಿಕೊಂಡಿದ್ದಾರೆ. ಸೀರೆ ಉಡುವಾಗೆಲ್ಲ ಸೆರಗು ಈಗಲೂ ಸಣ್ಣಗೆ ಇಂಗು ಇಂಗು ಅನ್ನುತ್ತೆ.